ಊದಿದ ಕೈ, ಬಿಗಿದ ಹೆಗಲು: ಸ್ತನ ಕ್ಯಾನ್ಸರ್ ಆಪರೇಷನ್ ಆದವರಿಗೆ ಮೈ ಸಡಿಲಿಸುವ ಅಭ್ಯಾಸಗಳು

ಮೊದಲು ಒಂದು ಕೆಲಸ ಮಾಡಿ. ಕನ್ನಡಿ ಮುಂದೆ ನಿಂತು ನಿಮ್ಮ ಎರಡೂ ಹೆಗಲು ನೋಡಿಕೊಳ್ಳಿ. ಆಪರೇಷನ್ ಆದ ಕಡೆಯ ಹೆಗಲು ಸ್ವಲ್ಪ ಮೇಲಿದೆಯಾ? ಕಿವಿಯ ಹತ್ತಿರ ಬಂದಿದೆಯಾ? ಮುಂದಕ್ಕೆ ಬಾಗಿದೆಯಾ? ನನ್ನದು ಹಾಗಿತ್ತು. ಎರಡು ವರ್ಷ ಹಾಗೇ ಇತ್ತು, ನನಗೆ ಗೊತ್ತೇ ಇರಲಿಲ್ಲ. ಯಾವುದೋ ಮದುವೆಯ ಫೋಟೋ ನೋಡಿ ನಮ್ಮಕ್ಕ ಕೇಳಿದಳು, "ಯಾಕೆ ಯಾವಾಗ್ಲೂ ಯಾರೋ ಹೊಡೆಯೋಕೆ ಬಂದ ಹಾಗೆ ನಿಂತಿರ್ತೀಯ?" ಅಂತ.

ನನಗೆ ಎಡಗಡೆ ಆಪರೇಷನ್. ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ಕರೆಂಟ್ ಕೊಟ್ಟರು, ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಎಲ್ಲ ಮುಗಿಯಿತು ಅಂದುಕೊಂಡಿದ್ದೆ. 14ನೇ ತಿಂಗಳಿಗೆ ಬಳೆ ಬಿಗಿಯಾಯಿತು, ಆಮೇಲೆ ರವಿಕೆಯ ತೋಳು, ಆಮೇಲೆ ಸಂಜೆಯಾದರೆ ಕೈಗೆ ಮಣ್ಣು ತುಂಬಿದ ಹಾಗೆ ಭಾರ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಹೀಗೂ ಆಗಬಹುದು ಅಂತ ಒಬ್ಬರೂ ಹೇಳಿರಲಿಲ್ಲ. ಆ ಬೇಸರ ಇವತ್ತಿಗೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೈ ಊದಿದ ಮೇಲೆ ನಾವೆಲ್ಲ ಒಂದೇ ಕೆಲಸ ಮಾಡುತ್ತೇವೆ. ಹೆದರಿ ಕೈಯನ್ನು ಮೈಗೆ ಒತ್ತಿಕೊಂಡು ಕಾಯುತ್ತೇವೆ. ಹೆಗಲು ಬಿಗಿಯುತ್ತದೆ, ಉಸಿರು ಎದೆಯ ಮೇಲೇ ನಿಲ್ಲುತ್ತದೆ, ಕೈ ಆಡುವುದು ನಿಲ್ಲುತ್ತದೆ. ಈ ಮೂರೂ ಕೈಯಲ್ಲಿ ನಿಂತ ನೀರಿಗೆ ಒಳ್ಳೆಯದಲ್ಲ. ಆ ಬಿಗಿಯನ್ನು ದಿನಾ ಸ್ವಲ್ಪ ಸ್ವಲ್ಪ ಬಿಡಿಸುವುದು ಹೇಗೆ ಅನ್ನುವುದೇ ಇಲ್ಲಿರುವ ವಿಷಯ.

ನೀರು ಯಾಕೆ ನಿಲ್ಲುತ್ತದೆ

ಕಂಕುಳಲ್ಲಿ 20ರಿಂದ 40 ಪುಟ್ಟ ಗ್ರಂಥಿಗಳಿರುತ್ತವೆ. ಕೈಯ ಲಿಂಫ್, ಅಂದರೆ ದುಗ್ಧರಸ, ಅಲ್ಲಿಗೆ ಬಂದು ಸೋಸಿಕೊಂಡು ಮುಂದೆ ಹೋಗುತ್ತದೆ. ಆಪರೇಷನ್‌ನಲ್ಲಿ ಗ್ರಂಥಿ ತೆಗೆದಾಗ, ರೇಡಿಯೇಷನ್‌ನಿಂದ ಉಳಿದ ದಾರಿಯೂ ಗಟ್ಟಿಯಾದಾಗ, ದ್ರವ ಹಿಂದೆ ನಿಲ್ಲುತ್ತದೆ. ಇದೇ ಲಿಂಫೆಡಿಮಾ. ಸ್ತನ ಕ್ಯಾನ್ಸರ್ ಚಿಕಿತ್ಸೆ ಆದವರಲ್ಲಿ ಸುಮಾರು 5 ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ. ಗ್ರಂಥಿ ಜಾಸ್ತಿ ತೆಗೆದಿದ್ದರೆ ಸಾಧ್ಯತೆ ಜಾಸ್ತಿ, ಒಂದೆರಡನ್ನು ಮಾತ್ರ ಪರೀಕ್ಷೆಗೆ ತೆಗೆದಿದ್ದರೆ ಕಡಿಮೆ. ಹೆಚ್ಚಿನವರಿಗೆ ಮೊದಲ ಎರಡು ಮೂರು ವರ್ಷದಲ್ಲೇ ಕಾಣಿಸುತ್ತದೆ, ಕೆಲವರಿಗೆ ಎಷ್ಟೋ ವರ್ಷ ಆದ ಮೇಲೂ ಬರುತ್ತದೆ.

ಅಕ್ಕಪಕ್ಕದವರು ಕೇಳುತ್ತಾರೆ, "ಇದು ಆನೆಕಾಲು ಬಂದ ಹಾಗಾ? ಅಂಟುತ್ತಾ?" ಅಂತ. ಆನೆಕಾಲು ಬರುವುದು ಸೊಳ್ಳೆಯಿಂದ ಹರಡುವ ಹುಳುವಿನಿಂದ. ಅಲ್ಲಿ ಹಾಳಾಗುವುದೂ ಇದೇ ಲಿಂಫ್ ದಾರಿಗಳು, ಕಾರಣ ಮಾತ್ರ ಬೇರೆ. ನಿಮ್ಮ ಕೈ ಊದಿದ್ದು ಯಾರಿಗೂ ಅಂಟುವುದಿಲ್ಲ. ಮೊಮ್ಮಕ್ಕಳನ್ನು ಧೈರ್ಯವಾಗಿ ತೊಡೆ ಮೇಲೆ ಕೂರಿಸಿಕೊಳ್ಳಿ.

ಈಗ ಮುಖ್ಯವಾದ ಮಾತು. ರಕ್ತಕ್ಕೆ ಹೃದಯ ಅನ್ನುವ ಪಂಪ್ ಇದೆ, ಲಿಂಫ್‌ಗೆ ಅಂಥ ಪಂಪ್ ಇಲ್ಲ. ನಾಳಗಳು ತಾವೇ ಮೆಲ್ಲಗೆ ಹಿಂಡಿಕೊಳ್ಳುತ್ತವೆ, ಪಕ್ಕದ ಸ್ನಾಯು ಆಡಿದಾಗ ದ್ರವ ಮುಂದೆ ಸರಿಯುತ್ತದೆ, ಉಸಿರು ಆಳವಾದಾಗ ಎದೆಯೊಳಗಿನ ಒತ್ತಡ ಏರಿಳಿದು ಅದನ್ನು ಮೇಲಕ್ಕೆ ಎಳೆಯುತ್ತದೆ. ಕೊನೆಗೆ ಅದು ಕತ್ತಿನ ಬುಡದಲ್ಲಿ, ಕೊರಳಿನ ಅಡ್ಡ ಎಲುಬಿನ ಹಿಂದೆ, ದೊಡ್ಡ ರಕ್ತನಾಳಕ್ಕೆ ಸೇರುತ್ತದೆ. ನಾನು ಭದ್ರಾ ನಾಲೆಯ ಬದಿಯ ಊರಿನವಳು. ಕಾಲುವೆಯಲ್ಲಿ ನೀರು ನಿಂತರೆ ನಮ್ಮಪ್ಪ ನಿಂತ ಕಡೆ ಗುದ್ದಲಿ ಹಾಕುತ್ತಿರಲಿಲ್ಲ. ಮೊದಲು ಮುಂದಿನ ದಾರಿಗೆ ಹೋಗಿ ಹೂಳು ತೆಗೆಯುತ್ತಿದ್ದರು. ಕೈಯ ವಿಷಯವೂ ಹೀಗೇ. ಊದಿದ ಜಾಗಕ್ಕೆ ಕೈ ಹಾಕುವ ಮೊದಲು ಕತ್ತು, ಹೆಗಲು, ಎದೆ, ಹೊಟ್ಟೆ ಸಡಿಲ ಆಗಬೇಕು.

ಆಸ್ಟ್ರೇಲಿಯಾದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. 10 ನಿಮಿಷ ಮೆಲ್ಲಗೆ ಕೈ ಆಡಿಸುವುದು, ಜೊತೆಗೆ ಆಳವಾದ ಉಸಿರು, ಅಷ್ಟೇ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕೈಯ ಊತ ಸ್ವಲ್ಪ ಇಳಿದಿದ್ದು ಕಂಡಿತು. ಸ್ವಲ್ಪ ಅನ್ನುವುದನ್ನು ಮರೆಯಬೇಡಿ. ಮೈ ಸಡಿಲಿಸುವುದರಿಂದ ಲಿಂಫೆಡಿಮಾ ವಾಸಿಯಾಗುವುದಿಲ್ಲ. ಸ್ಲೀವ್ (ಊತ ಹಿಡಿತದಲ್ಲಿಡಲು ಕೈಗೆ ಹಾಕುವ ಬಿಗಿ ತೋಳುಚೀಲ), ಬ್ಯಾಂಡೇಜ್, ಫಿಸಿಯೋ ಹೇಳಿಕೊಟ್ಟ ವ್ಯಾಯಾಮ, ಚರ್ಮದ ಆರೈಕೆ, ಇವು ಯಾವುದನ್ನೂ ಇದಕ್ಕಾಗಿ ಬಿಡಬಾರದು. ಆದರೆ ನೋವು ತಡೆಯುವ ಶಕ್ತಿ, ನಿದ್ದೆ, ಹೆದರಿಕೆ ಕಡಿಮೆಯಾಗುವುದು, ಹೆಗಲು ಸರಾಗವಾಗಿ ಆಡುವುದು, ಇವೆಲ್ಲ ಇದರಿಂದ ಸಿಗುತ್ತವೆ. ನನಗೆ ಸಿಕ್ಕಿದೆ.

ಶುರು ಮಾಡುವ ಮೊದಲು

ಕೈ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದೆಯಾ? ಜ್ವರ, ಚಳಿ ಇದೆಯಾ? ಹಾಗಿದ್ದರೆ ಇದನ್ನು ಓದುವುದು ನಿಲ್ಲಿಸಿ ಇವತ್ತೇ ಡಾಕ್ಟರ ಹತ್ತಿರ ಹೋಗಿ. ಅದು ಚರ್ಮದ ಸೋಂಕು, ಸೆಲ್ಯುಲೈಟಿಸ್ ಅನ್ನುತ್ತಾರೆ. ಊದಿದ ಕೈಯಲ್ಲಿ ಅದು ಬೇಗ ಹರಡುತ್ತದೆ, ಆಂಟಿಬಯಾಟಿಕ್ ಬೇಕೇ ಬೇಕು. ನಾಳೆ ನೋಡೋಣ ಅನ್ನಬೇಡಿ. ಕೈ ಒಂದೆರಡು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಜಾಸ್ತಿ ಊದಿದರೂ, ಹೊಸದಾಗಿ ಜೋಮು ಹಿಡಿದರೂ, ಉಸಿರು ಕಟ್ಟಿದ ಹಾಗಾದರೂ ಹೀಗೇ. ರಕ್ತ ಹೆಪ್ಪುಗಟ್ಟಿರಬಹುದು, ಬೇರೆ ಏನೋ ಇರಬಹುದು, ನೋಡಿಸಲೇಬೇಕು.

ಆಪರೇಷನ್ ಆಗಿ ಇನ್ನೂ ಕೆಲವೇ ವಾರ ಆಗಿದ್ದರೆ ಉಸಿರಾಟದ ಅಭ್ಯಾಸ ಮಾತ್ರ ಮಾಡಿ. ಕೈ ಎಷ್ಟು ಎತ್ತಬಹುದು ಅಂತ ನಿಮ್ಮ ಸರ್ಜನ್ ಅಥವಾ ಫಿಸಿಯೋನೇ ಹೇಳಬೇಕು. ಕೆಲವರಿಗೆ ಕಂಕುಳಿಂದ ಮೊಣಕೈವರೆಗೆ ಚರ್ಮದ ಕೆಳಗೆ ದಾರ ಎಳೆದು ಕಟ್ಟಿದ ಹಾಗೆ ಬಿಗಿಯಾಗುತ್ತದೆ. ಅದನ್ನು ಜೋರಾಗಿ ಎಳೆದು ಬಿಡಿಸಲು ಹೋಗಬೇಡಿ, ತೋರಿಸಿ.

ಕೂರುವುದು, ಮಲಗುವುದು

ಇದರ ಮೇಲೆ ಅರ್ಧ ಕೆಲಸ ನಿಂತಿದೆ. ಆ ಕೈಯ ಬಳೆ, ಉಂಗುರ, ವಾಚ್ ತೆಗೆಯಿರಿ. ಬಿಗಿ ರವಿಕೆ ಬೇಡ, ನೈಟಿ ಅಥವಾ ಸಡಿಲ ಕುರ್ತಾ ಸಾಕು. ಬ್ರಾ ಪಟ್ಟಿ ಹೆಗಲಿಗೆ ಕೊರೆಯುತ್ತಿದ್ದರೆ ಅದನ್ನೂ ಬಿಚ್ಚಿ. ಹಗಲಲ್ಲಿ ಸ್ಲೀವ್ ಹಾಕಿದ್ದರೆ ಹಾಕಿಕೊಂಡೇ ಮಾಡಬಹುದು. ಕೈ ಆಡಿಸುವ ಅಭ್ಯಾಸಕ್ಕೆ ಅದು ಇದ್ದರೇ ಒಳ್ಳೆಯದು, ಯಾಕೆಂದರೆ ಸ್ನಾಯು ಉಬ್ಬಿದಾಗ ಹೊರಗಿನಿಂದ ಒತ್ತಲು ಏನಾದರೂ ಇರಬೇಕು, ಆಗಲೇ ದ್ರವ ಮುಂದೆ ಹೋಗುತ್ತದೆ. ರಾತ್ರಿ ಮಲಗುವಾಗ ಸಾಮಾನ್ಯವಾಗಿ ಸ್ಲೀವ್ ತೆಗೆಯಬೇಕು, ರಾತ್ರಿಗೆ ಅಂತಲೇ ಬೇರೆ ಕೊಟ್ಟಿದ್ದರೆ ಮಾತು ಬೇರೆ.

ಅಂಗಾತ ಮಲಗಿ. ಮಂಡಿ ಕೆಳಗೆ ಒಂದು ದಿಂಬು ಇಟ್ಟರೆ ಸೊಂಟ ಹಗುರಾಗುತ್ತದೆ. ಊದಿದ ಕೈಯ ಕೆಳಗೆ ಹೆಗಲಿಂದ ಬೆರಳವರೆಗೆ ಉದ್ದಕ್ಕೂ ದಿಂಬು ಇಡಿ, ಅಂಗೈ ಎದೆಯ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂಚೂರು ಮೇಲೆ ಬರಲಿ. ಮೊಣಕೈ ಗಾಳಿಯಲ್ಲಿ ತೂಗಾಡಬಾರದು. ನಾನು ಹಳೆಯ ಕಾಟನ್ ಸೀರೆ ಎರಡು ಮಡಚಿ ಇಡುತ್ತೇನೆ, ದಿಂಬಿಗಿಂತ ಅದೇ ಚೆನ್ನಾಗಿ ಕೂರುತ್ತದೆ. ತಲೆಯ ಮೇಲೆ ಕೈ ಇಟ್ಟು ತುಂಬಾ ಹೊತ್ತು ಮಲಗಬೇಡಿ, ಊದಿದ ಕಡೆಗೆ ಹೊರಳಿ ಕೈ ಮೇಲೆ ಭಾರ ಹಾಕಬೇಡಿ. ಮಲಗಲು ಆಗದವರು ಬೆನ್ನು ಆನಿಸುವ ಕುರ್ಚಿಯಲ್ಲಿ ಕೂತು ಕೈಯನ್ನು ಮೇಜಿನ ಮೇಲೆ ದಿಂಬು ಇಟ್ಟು ಚಾಚಿ.

ಹೊಟ್ಟೆಯ ಉಸಿರು

ಎಲ್ಲಕ್ಕಿಂತ ಮೊದಲು ಇದು. ಬೇರೆ ಏನೂ ಆಗದಿದ್ದರೂ ಇದೊಂದು ಸಾಕು ಅಂತ ನಾನು ಹೇಳುತ್ತೇನೆ.

ಚೆನ್ನಾಗಿರುವ ಕೈಯನ್ನು ಹೊಕ್ಕಳಿನ ಮೇಲೆ ಇಡಿ. ಬಾಯಿ ಮುಚ್ಚಿ. ಮೊದಲು ಉಸಿರು ಹೊರಗೆ ಬಿಡಿ, ಹೊಟ್ಟೆ ಒಳಗೆ ಹೋಗಲಿ. ಆಮೇಲೆ ಮೂಗಿನಿಂದ ನಿಧಾನವಾಗಿ ಒಳಗೆ ತೆಗೆದುಕೊಳ್ಳಿ. ಹೊಟ್ಟೆ ಮೇಲೇಳಬೇಕು, ಕೈ ಅದರ ಜೊತೆ ಏಳಬೇಕು. ಎದೆ, ಹೆಗಲು ಸುಮ್ನೆ ಇರಲಿ. ಒಳಗೆ ತೆಗೆದುಕೊಳ್ಳುವಾಗ ಮನಸ್ಸಿನಲ್ಲಿ 4 ಎಣಿಸಿ, ಬಿಡುವಾಗ 6 ಎಣಿಸಿ. ಬಿಡುವ ಉಸಿರು ಉದ್ದ ಇರಬೇಕು, ಅಷ್ಟು ನೆನಪಿಟ್ಟುಕೊಂಡರೆ ಎಣಿಕೆ ತಪ್ಪಿದರೂ ಪರವಾಗಿಲ್ಲ. ಮಧ್ಯೆ ಉಸಿರು ಹಿಡಿದಿಡಬೇಡಿ. ಹೀಗೆ 5 ಸಲ ಮಾಡಿ, ಒಂದು ನಿಮಿಷ ಮಾಮೂಲಿ ಉಸಿರಾಡಿ, ಮತ್ತೆ 5 ಸಲ. ತಲೆ ಹಗುರಾಗಿ ತಿರುಗಿದ ಹಾಗಾದರೆ ನೀವು ಅವಸರ ಮಾಡುತ್ತಿದ್ದೀರಿ ಅಂತ ಅರ್ಥ, ನಿಲ್ಲಿಸಿ.

ಮೊದಲ ವಾರ ನನಗೆ ಹೊಟ್ಟೆ ಏಳಲೇ ಇಲ್ಲ. ಆಪರೇಷನ್ ಆದ ಕಡೆ ಎದೆಯ ಚರ್ಮ ಎಳೆದ ಹಾಗಾಗುತ್ತಿತ್ತು, ಅದಕ್ಕೆ ಹೆದರಿ ನಾನು ಮೇಲುಸಿರೇ ತೆಗೆದುಕೊಳ್ಳುತ್ತಿದ್ದೆ. ಆಗ ಒಂದು ಉಪಾಯ ಕೆಲಸ ಮಾಡಿತು. ಹೊಟ್ಟೆ ಮೇಲೆ ಸಣ್ಣ ಹಿತ್ತಾಳೆ ಲೋಟ ಇಟ್ಟುಕೊಂಡು ಅದು ಏರಿ ಇಳಿಯುವುದನ್ನು ನೋಡುತ್ತಾ ಮಲಗುವುದು. ಕಣ್ಣಿಗೆ ಕೆಲಸ ಸಿಕ್ಕಿದರೆ ಮನಸ್ಸು ಎದೆಯ ಹತ್ತಿರ ಹೋಗುವುದಿಲ್ಲ. ಎಳೆತ ಅನ್ನಿಸುವುದು ಸಹಜ, ಚುಚ್ಚುವ ನೋವು ಬಂದರೆ ಮಾತ್ರ ಉಸಿರಿನ ಆಳ ಕಡಿಮೆ ಮಾಡಿ.

ದಿನಕ್ಕೆ ಎಷ್ಟು ಸಲ? ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ, ಮಧ್ಯಾಹ್ನ ಊಟಕ್ಕೆ ಮೊದಲು, ರಾತ್ರಿ ಸ್ಲೀವ್ ತೆಗೆದ ಮೇಲೆ. ಊಟ ಆದ ತಕ್ಷಣ ಬೇಡ. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಕುಕ್ಕರ್ ಮೂರನೇ ವಿಸಿಲ್ ಕೂಗುವವರೆಗೆ ಕಾಯುವಾಗ, ಎಲ್ಲಿ ಬೇಕಾದರೂ ಮಾಡಬಹುದು.

ಕತ್ತು, ಹೆಗಲು

ಇದಕ್ಕೆ ಮೂರು ನಿಮಿಷ ಸಾಕು. ಕೂತುಕೊಂಡು ಉಸಿರು ತೆಗೆದುಕೊಳ್ಳುತ್ತಾ ಎರಡೂ ಹೆಗಲು ಕಿವಿಯ ಕಡೆ ಎತ್ತಿ, ಉಸಿರು ಬಿಡುತ್ತಾ ಇಳಿಸಿ. ಪೂರ್ತಿ ಇಳಿಸಿ, ತೋಳು ನೆಲಕ್ಕೆ ಜಾರಿ ಬೀಳುವ ಹಾಗೆ. 5 ಸಲ. ಆಮೇಲೆ ಹೆಗಲನ್ನು ಹಿಂದಕ್ಕೆ ಮೆಲ್ಲಗೆ ಸುತ್ತಿಸಿ, 5 ಸಲ. ತಲೆಯನ್ನು ಬಲಕ್ಕೆ ವಾಲಿಸಿ ಎರಡು ಉಸಿರು, ಎಡಕ್ಕೆ ವಾಲಿಸಿ ಎರಡು ಉಸಿರು. ಕತ್ತನ್ನು ಪೂರ್ತಿ ಗರಗರ ತಿರುಗಿಸಬೇಡಿ. ಇದಾದ ಮೇಲೆ ಮುಷ್ಟಿಯನ್ನು ಮೃದುವಾಗಿ ಮುಚ್ಚಿ ತೆರೆಯಿರಿ, ಹತ್ತು ಸಲ, ಹತ್ತಿಯ ಉಂಡೆ ಹಿಡಿದ ಹಾಗೆ.

ಕೈ ಆಡಿಸಿದರೆ ಊತ ಜಾಸ್ತಿ ಆಗುತ್ತದೆ ಅನ್ನುವ ಹೆದರಿಕೆ ನಮ್ಮಲ್ಲಿ ತುಂಬಾ ಇದೆ. 2009ರಲ್ಲಿ ಅಮೆರಿಕದಲ್ಲಿ ಲಿಂಫೆಡಿಮಾ ಇದ್ದ 141 ಹೆಂಗಸರ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ಒಂದು ಗುಂಪಿನವರು ಸ್ಲೀವ್ ಹಾಕಿಕೊಂಡು, ಕಲಿಸುವವರ ಕಣ್ಣೆದುರಲ್ಲಿ, ಭಾರವನ್ನು ನಿಧಾನವಾಗಿ ಏರಿಸುತ್ತಾ ವಾರಕ್ಕೆ ಎರಡು ಸಲ ತೂಕ ಎತ್ತಿದರು. ಅವರ ಊತ ಹೆಚ್ಚಾಗಲಿಲ್ಲ. ನೀವೇ ತುಂಬಿದ ಕೊಡ ಎತ್ತಿ ಅಂತ ಇದರ ಅರ್ಥ ಅಲ್ಲ. ಮೆಲ್ಲಗೆ ಆಡಿಸಲು ಹೆದರಬೇಡಿ ಅಂತ ಅಷ್ಟೇ.

ಬಿಗಿ ಹಿಡಿದು ಬಿಡುವುದು

ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸುಮಾರು ನೂರು ವರ್ಷದ ಹಿಂದೆ ರೂಪಿಸಿದ ವಿಧಾನ ಇದು. ಒಂದೊಂದೇ ಸ್ನಾಯುವನ್ನು ಬಿಗಿ ಮಾಡಿ, ಆಮೇಲೆ ಬಿಡುವುದು. ಬಿಗಿ ಹೇಗಿರುತ್ತದೆ ಅಂತ ಗೊತ್ತಾದರೆ ತಾನೇ ಸಡಿಲ ಹೇಗಿರುತ್ತದೆ ಅಂತ ಗೊತ್ತಾಗುವುದು! ಆದರೆ ಇದನ್ನು ಮೊಬೈಲ್‌ನಲ್ಲಿ ನೋಡಿ ಹಾಗೇ ಮಾಡಿದರೆ ನಮಗೆ ಸರಿಹೋಗುವುದಿಲ್ಲ, ಯಾಕೆಂದರೆ ಹೆಚ್ಚಿನ ಕಡೆ ಶುರುವಾಗುವುದೇ "ಮುಷ್ಟಿಯನ್ನು ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಬಿಗಿಯಿರಿ" ಅಂತ. ಊದಿದ ಕೈಗೆ ಅದು ಬೇಡ.

ನಾವು ಪಾದದಿಂದ ಶುರು ಮಾಡೋಣ. ಕಾಲ್ಬೆರಳು ಮಡಚಿ 5 ಎಣಿಸುವವರೆಗೆ ಬಿಗಿ ಹಿಡಿಯಿರಿ, ಬಿಡಿ, ಮೂರು ಉಸಿರು ಸುಮ್ನೆ ಇರಿ. ಬಿಟ್ಟ ಮೇಲಿನ ಆ ಮೂರು ಉಸಿರೇ ಇಲ್ಲಿ ಮುಖ್ಯ, ಅದನ್ನು ನುಂಗಿಬಿಡಬೇಡಿ. ಮೀನಖಂಡ, ತೊಡೆ, ಪೃಷ್ಠ, ಹೊಟ್ಟೆ. ಆಮೇಲೆ ಮುಖ: ಹಣೆ ಗಂಟಿಕ್ಕಿ ಬಿಡಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಬಿಡಿ, ಹಲ್ಲು ಕಚ್ಚಿ ಬಿಡಿ. ದವಡೆಯನ್ನು ಎರಡು ಸಲ ಮಾಡಿ. ಹಗಲೆಲ್ಲ ನಾವು ಹಲ್ಲು ಕಚ್ಚಿಕೊಂಡೇ ಇರುತ್ತೇವೆ, ಕತ್ತಿನ ಬಿಗಿ ಅಲ್ಲಿಂದಲೂ ಬರುತ್ತದೆ. ಆಮೇಲೆ ಚೆನ್ನಾಗಿರುವ ಕೈ, ಮುಷ್ಟಿ, ಮುಂಗೈ, ತೋಳು.

ಊದಿದ ಕೈ ಕೊನೆಗೆ. ಪೂರ್ತಿ ಬಲ ಹಾಕಬೇಡಿ, ಮೂರರಲ್ಲಿ ಒಂದು ಪಾಲು ಸಾಕು, ಮೆತ್ತಗಿನ ಬಾಳೆಹಣ್ಣು ಹಿಡಿದರೂ ಜಜ್ಜಿಹೋಗದಷ್ಟು. 2 ಎಣಿಸಿ ಬಿಡಿ. ಅದೂ ನೋವಾದರೆ ಬಿಗಿ ಹಿಡಿಯುವುದೇ ಬೇಡ. ಮನಸ್ಸಿನಲ್ಲಿ ಮಾತ್ರ ಬೆರಳು, ಅಂಗೈ, ಮಣಿಕಟ್ಟು, ಮೊಣಕೈ, ಹೆಗಲು ಅಂತ ಒಂದೊಂದೇ ಹೆಸರು ಹೇಳುತ್ತಾ, ಪ್ರತಿ ಹೆಸರಿಗೂ ಒಂದು ಉದ್ದ ಉಸಿರು ಬಿಡಿ. ನನಗಂತೂ ಬಹಳ ದಿನ ಆ ಕೈಯನ್ನು ನೋಡಲು, ನೆನೆಯಲು ಇಷ್ಟ ಇರಲಿಲ್ಲ. ಅದು ನನ್ನದೇ ಅಲ್ಲ ಅನ್ನುವ ಹಾಗೆ ಇದ್ದೆ. ಹೀಗೆ ಹೆಸರು ಹೇಳಿ ಹೇಳಿ ಅದು ಮತ್ತೆ ನನ್ನ ಕೈ ಆಯಿತು.

ನಾಲೆಯಲ್ಲಿ ನೀರು ಬಿಟ್ಟ ಹಾಗೆ

ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡು ಮೈ ಸಡಿಲ ಬಿಡುವ ಅಭ್ಯಾಸ ಇದು. ಸಮುದ್ರ ತೀರ, ಹಿಮದ ಬೆಟ್ಟ ಅಂತೆಲ್ಲ ಹೇಳುವ ಆಡಿಯೋ ಬೇಕಾದಷ್ಟು ಸಿಗುತ್ತವೆ. ನಾನು ನೋಡಿಯೇ ಇಲ್ಲದ ಜಾಗವನ್ನು ಹೇಗೆ ನೆನೆಸಿಕೊಳ್ಳಲಿ? ನಿಮ್ಮ ಊರಿನ ನೀರನ್ನೇ ತೆಗೆದುಕೊಳ್ಳಿ. ಕೆರೆಯ ತೂಬು, ತೋಟದ ಕಾಲುವೆ, ಮನೆ ಹಿಂದಿನ ಹಳ್ಳ, ಯಾವುದಾದರೂ ಸರಿ, ನೀವು ಕಾಲು ಇಳಿಬಿಟ್ಟು ಕೂತ ನೀರಾಗಿದ್ದರೆ ಸಾಕು.

ಕೆಳಗಿನದನ್ನು ಮನೆಯವರಲ್ಲಿ ಯಾರಾದರೂ ನಿಧಾನವಾಗಿ ಓದಿ ನಿಮ್ಮ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೊಡಲಿ. ಮಗಳೋ, ತಂಗಿಯೋ, ಯಜಮಾನರೋ. ನನಗೆ ಓದಿದ್ದು ಅಕ್ಕ. ಪರಿಚಯದ ದನಿ ಕೇಳಿದರೆ ಮೈ ಬೇಗ ಬಿಡುತ್ತದೆ. ಪ್ರತಿ ವಾಕ್ಯದ ನಂತರ ಎರಡು ಉಸಿರಿನಷ್ಟು ಹೊತ್ತು ಸುಮ್ಮನಿರಲು ಹೇಳಿ.

"ಕಣ್ಣು ಮುಚ್ಚು. ಬೆಳಗಿನ ಜಾವ. ನಾಲೆಯ ದಂಡೆ ಮೇಲೆ ಕೂತಿದ್ದೀಯ. ಹುಲ್ಲಿನ ಮೇಲೆ ಇಬ್ಬನಿ ಇದೆ. ನೀರು ಇನ್ನೂ ಬಿಟ್ಟಿಲ್ಲ. ನಿನ್ನ ಕತ್ತಿನ ಬುಡದಲ್ಲಿ ಒಂದು ತೂಬು ಇದೆ. ಉಸಿರು ತೆಗೆದುಕೊ, ಅದು ಮೆಲ್ಲಗೆ ತೆರೆಯುತ್ತೆ. ಉಸಿರು ಬಿಡು, ಅದು ತೆರೆದೇ ಇದೆ. ಈಗ ಹೆಗಲಿನ ಹತ್ತಿರ ನಿಂತಿದ್ದ ನೀರು ಸರಿಯಿತು. ಅವಸರ ಇಲ್ಲ. ಹೆಗಲು ಖಾಲಿ ಆಯಿತು, ತೋಳಿನ ನೀರಿಗೆ ಜಾಗ ಸಿಕ್ಕಿತು. ಅದೂ ಸರಿಯಿತು. ಮೊಣಕೈ. ಮುಂಗೈ. ಅಂಗೈ. ಒಂದೊಂದು ಬೆರಳಿಂದಲೂ ಒಂದು ಸಣ್ಣ ಎಳೆ ಹೊರಟಿದೆ, ಗದ್ದೆಯಿಂದ ಗದ್ದೆಗೆ ಹೋಗುವ ನೀರಿನ ಹಾಗೆ. ಕೈ ಹಗುರ. ನೀರು ತಣ್ಣಗಿದೆ. ದಂಡೆ ಮೇಲೆ ಬಿಸಿಲು ಬಂತು. ನೀನು ಏನೂ ಮಾಡಬೇಕಿಲ್ಲ, ಅದು ತಾನೇ ಹರಿಯುತ್ತಿದೆ."

ಕ್ರಮ ಗಮನಿಸಿ. ಕತ್ತಿನಿಂದ ಶುರುವಾಗಿ ಕೊನೆಗೆ ಬೆರಳು. 1930ರ ದಶಕದಲ್ಲಿ ಡೆನ್ಮಾರ್ಕಿನ ವೋಡರ್ ದಂಪತಿ ರೂಪಿಸಿದ ಲಿಂಫ್ ಮಸಾಜ್‌ನಲ್ಲೂ ಮೊದಲು ಕತ್ತು ಮತ್ತು ಮೈಯ ಭಾಗದ ದಾರಿ ಬಿಡಿಸಿ, ಆಮೇಲೆ ಕೈಗೆ ಬರುತ್ತಾರೆ. ಚಿತ್ರ ನೆನೆಸಿಕೊಂಡ ಮಾತ್ರಕ್ಕೆ ನೀರು ಇಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಈ ಚಿತ್ರ ಇದ್ದಾಗ ಉಸಿರು ತಾನಾಗಿ ಉದ್ದ ಆಗುತ್ತದೆ, ಹೆಗಲು ತಾನಾಗಿ ಇಳಿಯುತ್ತದೆ, ಇಪ್ಪತ್ತು ನಿಮಿಷ ಕೈ ದಿಂಬಿನ ಮೇಲೆ ಇರುತ್ತದೆ. ಇಷ್ಟೂ ಲಾಭವೇ ಅಲ್ವಾ?

ಯೋಗ ಮಾಡುವವರಿಗೆ

ಶವಾಸನ, ಯೋಗನಿದ್ರೆ, ಭ್ರಾಮರಿ ಮೂರೂ ಒಳ್ಳೆಯದು. ಭ್ರಾಮರಿಯಲ್ಲಿ ಕಿವಿ ಮುಚ್ಚಲು ಎರಡೂ ಕೈ ಎತ್ತಿ ಹಿಡಿಯಬೇಕು ಅಂತಿಲ್ಲ, ಕೈ ತೊಡೆ ಮೇಲೆ ಇಟ್ಟು ಬಾಯಿ ಮುಚ್ಚಿ ದುಂಬಿಯ ಹಾಗೆ ಸದ್ದು ಮಾಡಿದರೆ ಸಾಕು. ಕಪಾಲಭಾತಿ, ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ ಇವನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ. ಕೈ ಮೇಲೆ ಪೂರ್ತಿ ಮೈಭಾರ ಬೀಳುವ ಆಸನಗಳೂ ಸದ್ಯಕ್ಕೆ ಬೇಡ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದವರು ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರ ಜೊತೆ ಯೋಗದ ಅಧ್ಯಯನಗಳನ್ನು ಮಾಡಿದ್ದಾರೆ, ಆತಂಕ ಕಡಿಮೆಯಾಗುವುದನ್ನು ಕಂಡಿದ್ದಾರೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆನೆಕಾಲಿನ ಊತಕ್ಕೆ ಬ್ಯಾಂಡೇಜ್, ಚರ್ಮದ ಆರೈಕೆ ಜೊತೆಗೆ ಯೋಗ ಮತ್ತು ಉಸಿರಾಟವನ್ನೂ ಸೇರಿಸಿ ಚಿಕಿತ್ಸೆ ಕೊಡುತ್ತಾರೆ. ಗಮನಿಸಿ, ಅಲ್ಲೂ ಯೋಗ ಒಂದನ್ನೇ ಕೊಡುವುದಿಲ್ಲ.

ಎಣ್ಣೆ ಸ್ನಾನ, ಬಿಸಿನೀರು, ತಿಕ್ಕುವುದು

ಇದನ್ನು ಬಿಡಿಸಿ ಹೇಳಲೇಬೇಕು. ನಮ್ಮಲ್ಲಿ ಮೈ ಹಗುರ ಮಾಡಿಕೊಳ್ಳುವುದು ಅಂದರೆ ಮೊದಲು ನೆನಪಾಗುವುದು ಎಣ್ಣೆ ನೀರು. ಕೈ ಊದಿದ್ದನ್ನು ನೋಡಿದ ತಕ್ಷಣ ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, "ಬಾ, ಎಣ್ಣೆ ಹಚ್ಚಿ ಚೆನ್ನಾಗಿ ನೀವ್ತೀನಿ, ಎಲ್ಲಾ ಇಳಿಯುತ್ತೆ." ನಮ್ಮತ್ತೆಯೂ ಹೀಗೇ ಹೇಳಿದರು. ಹರಳೆಣ್ಣೆ ಬಿಸಿ ಮಾಡಿ ಅರ್ಧ ಗಂಟೆ ಗಟ್ಟಿಯಾಗಿ ತಿಕ್ಕಿದರು, ಹಂಡೆಯ ಕುದಿಯುವ ಹಾಗಿದ್ದ ನೀರು ಹುಯ್ದರು. ಆ ಕ್ಷಣಕ್ಕೆ ಸ್ವರ್ಗ. ಮರುದಿನ ಬೆಳಿಗ್ಗೆ ಮುಂಗೈ ಎರಡರಷ್ಟು ಆಗಿ, ಸ್ಲೀವ್ ಹತ್ತಲಿಲ್ಲ. ಅತ್ತೆ ಅತ್ತರು, ನಾನೂ ಅತ್ತೆ.

ಯಾಕೆ ಹಾಗಾಯಿತು ಅಂದರೆ, ಗಟ್ಟಿಯಾಗಿ ತಿಕ್ಕಿದಾಗ, ಜಾಸ್ತಿ ಬಿಸಿ ತಾಗಿದಾಗ ಆ ಜಾಗಕ್ಕೆ ರಕ್ತ ಜಾಸ್ತಿ ಬರುತ್ತದೆ. ರಕ್ತ ಜಾಸ್ತಿ ಬಂದರೆ ದ್ರವವೂ ಜಾಸ್ತಿ ಹೊರಗೆ ಒಸರುತ್ತದೆ. ಹೋಗುವ ದಾರಿಯೇ ಕಿರಿದಾಗಿರುವಾಗ ಬರುವುದು ಹೆಚ್ಚಾದರೆ ನಿಲ್ಲದೆ ಇನ್ನೇನಾಗುತ್ತದೆ? ಆದ್ದರಿಂದ ಊದಿದ ಕೈಗೆ ಬಿಸಿನೀರ ಚೀಲ, ಹೀಟಿಂಗ್ ಪ್ಯಾಡ್, ಸ್ಟೀಮ್, ಸುಡುನೀರು ಯಾವುದೂ ಬೇಡ. ಐಸ್ ಕೂಡ ಬೇಡ. ಪಾರ್ಲರ್‌ನಲ್ಲಿ ಮಾಡುವ ಮಸಾಜ್ ಆ ಕೈಗೆ ಬೇಡ. ಲಿಂಫ್ ಮಸಾಜ್ ಅನ್ನುವುದು ಬೇರೆ, ಅದರಲ್ಲಿ ಚರ್ಮ ಮಾತ್ರ ಸರಿಯುವಷ್ಟು ಹಗುರವಾಗಿ ಮುಟ್ಟುತ್ತಾರೆ. ಅದನ್ನು ಕಲಿತ ಫಿಸಿಯೋ ಹತ್ತಿರ ಕಲಿತುಕೊಳ್ಳಿ.

ಹಾಗಂತ ದೀಪಾವಳಿಯ ಎಣ್ಣೆ ಸ್ನಾನ ಬಿಟ್ಟುಬಿಡಬೇಕಾಗಿಲ್ಲ. ತಲೆಗೆ, ಬೆನ್ನಿಗೆ, ಕಾಲಿಗೆ ಹಚ್ಚಿಸಿಕೊಳ್ಳಿ. ಊದಿದ ಕೈಗೆ ಅಂಗೈಯಲ್ಲಿ ಸ್ವಲ್ಪ ಕೊಬ್ಬರಿ ಎಣ್ಣೆ ತೆಗೆದುಕೊಂಡು, ಮಗುವಿನ ಕೆನ್ನೆ ಸವರುವ ಹಾಗೆ ಸವರಿ, ಬೆಚ್ಚಗಿನ ನೀರು ಹಾಕಿ. ಚರ್ಮ ಒಡೆಯದಂತೆ ಇಟ್ಟುಕೊಳ್ಳಲು ಅದು ಒಳ್ಳೆಯದೇ. ನಮ್ಮತ್ತೆ ಈಗ ಕಾಲಿಗೆ ತಿಕ್ಕುತ್ತಾರೆ, ಕಾಲ ಮೇಲೆ ಅವರ ಕೈ ಇದ್ದಾಗ ನನ್ನ ಹೆಗಲು ಇಳಿಯುತ್ತದೆ. ಮನೆಯವರಿಗೆ ಏನಾದರೂ ಮಾಡಬೇಕು ಅನ್ನಿಸುತ್ತಿರುತ್ತದೆ, ಬೇಡ ಅಂದು ದೂರ ಇಡಬೇಡಿ, ಬೇರೆ ಜಾಗ ತೋರಿಸಿ.

ರಾತ್ರಿ ಎರಡು ಗಂಟೆ

ಎಚ್ಚರವಾಗುತ್ತದೆ. ಕೈ ಮಿಡಿಯುತ್ತಿರುತ್ತದೆ. ಊತ ಜಾಸ್ತಿ ಆಯಿತಾ, ಮತ್ತೆ ಬಂತಾ, ಅಂತ ಕತ್ತಲಲ್ಲೇ ಇನ್ನೊಂದು ಕೈಯಿಂದ ಒತ್ತಿ ಒತ್ತಿ ನೋಡುತ್ತೇವೆ. ಆಪರೇಷನ್ ಆದ ಪ್ರತಿಯೊಬ್ಬರಿಗೂ ಈ ಹೊತ್ತು ಗೊತ್ತು.

ಆಗ ಮೊದಲು ಒತ್ತಿ ನೋಡುವುದು ನಿಲ್ಲಿಸಿ. ದೀಪ ಹಾಕಿ ಒಂದೇ ಸಲ ನೋಡಿ. ಕೆಂಪಿಲ್ಲ, ಬಿಸಿಯಿಲ್ಲ, ಜ್ವರ ಇಲ್ಲ ಅಂದರೆ ಬೆಳಗಾಗುವವರೆಗೆ ಕಾಯಬಹುದು. ಎದ್ದು ಕೂತು ಕೈಯ ಕೆಳಗಿನ ದಿಂಬು ಸರಿಮಾಡಿ, ಎರಡು ಗುಟುಕು ನೀರು ಕುಡಿಯಿರಿ. ಮತ್ತೆ ಮಲಗಿ ಉಸಿರು ಬಿಡುವಾಗ ಮಾತ್ರ ಎಣಿಸಿ, 1ರಿಂದ 10ರವರೆಗೆ, ಆಮೇಲೆ 10ರಿಂದ 1ಕ್ಕೆ. ಎಣಿಕೆ ತಪ್ಪಿದರೆ ಮತ್ತೆ 1. ಕೆಲವರಿಗೆ ಅಂಕಿಗಿಂತ ದೇವರ ನಾಮ ಹತ್ತಿರ, ವಚನದ ಒಂದು ಸಾಲು ಹತ್ತಿರ. ಅದೂ ಆಗುತ್ತದೆ, ಸಾಲು ಉಸಿರು ಬಿಡುವಷ್ಟು ಉದ್ದ ಇದ್ದರೆ ಸಾಕು. ಇಪ್ಪತ್ತು ನಿಮಿಷಕ್ಕೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತುಕೊಳ್ಳಿ. ಮೊಬೈಲ್‌ನಲ್ಲಿ ಕ್ಯಾನ್ಸರ್ ಬಗ್ಗೆ ಹುಡುಕಬೇಡಿ, ಆ ಹೊತ್ತಿನಲ್ಲಿ ಓದಿದ್ದು ಯಾವುದೂ ಹಿತವಾಗಿ ಕಾಣುವುದಿಲ್ಲ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಅಳು ನಿಲ್ಲುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಉಸಿರಾಟ ಒಂದೇ ಸಾಲದು. ನಿಮ್ಮ ಕ್ಯಾನ್ಸರ್ ಡಾಕ್ಟರಿಗೇ ಹೇಳಿ, ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಅಷ್ಟು ದಿನ ಕಾಯಲು ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ದಿನದ ಮಧ್ಯೆ ಹೇಗೆ ಸೇರಿಸುವುದು

"ನನಗೆ ಮಲಗಲು ಪುರುಸೊತ್ತು ಎಲ್ಲಿ?" ಅಂತ ಕೇಳುವವರೇ ಜಾಸ್ತಿ. ಗೊತ್ತು. ರೊಟ್ಟಿ ತಟ್ಟಬೇಕು, ಬಟ್ಟೆ ಒಗೆಯಬೇಕು, ಕೆಲಸಕ್ಕೆ ಹೋಗಬೇಕು. ಒಂದೇ ತರಹದ ಕೆಲಸವನ್ನು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಸಮನೆ ಮಾಡಬೇಡಿ, ಮಧ್ಯೆ ನಿಲ್ಲಿಸಿ ಹೆಗಲು ಎತ್ತಿ ಇಳಿಸಿ, ಐದು ಉಸಿರು ತೆಗೆದುಕೊಳ್ಳಿ. ನಾನು ಅಡುಗೆಮನೆಯ ಗೋಡೆಗೆ ಒಂದು ಕುಂಕುಮದ ಚುಕ್ಕೆ ಇಟ್ಟಿದ್ದೇನೆ, ಅದು ಕಣ್ಣಿಗೆ ಬಿದ್ದಾಗಲೆಲ್ಲ ಹೆಗಲು ಎಲ್ಲಿದೆ ಅಂತ ನೋಡಿಕೊಳ್ಳುತ್ತೇನೆ. ದಿನಕ್ಕೆ ಹತ್ತು ಹದಿನೈದು ಸಲ ಕಿವಿಯ ಹತ್ತಿರವೇ ಇರುತ್ತದೆ. ಇಳಿಸುತ್ತೇನೆ.

ಕೈಯ ಅಳತೆಯನ್ನು ದಿನಾ ತೆಗೆಯಬೇಡಿ. ದರ್ಜಿಯ ಟೇಪ್ ಹಿಡಿದು ವಾರಕ್ಕೆ ಒಂದು ಸಲ, ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗಗಳಲ್ಲಿ ಅಳೆಯಿರಿ. ಮಣಿಕಟ್ಟು, ಮೊಣಕೈಗಿಂತ 10 ಸೆಂಟಿಮೀಟರ್ ಕೆಳಗೆ, 10 ಸೆಂಟಿಮೀಟರ್ ಮೇಲೆ. ಎರಡೂ ಕೈ ಅಳೆದು ಡೈರಿಯಲ್ಲಿ ಬರೆದಿಡಿ. ಬದಿಯಲ್ಲೇ ಆ ವಾರ ನಿದ್ದೆ ಹೇಗಿತ್ತು, ಕೈ ಎಷ್ಟು ಭಾರ ಅನ್ನಿಸಿತು ಅಂತ 10ಕ್ಕೆ ಒಂದು ಅಂಕಿ ಹಾಕಿ. ನನ್ನ ಡೈರಿಯಲ್ಲಿ ಮೊದಲ ಎರಡು ತಿಂಗಳು ಟೇಪಿನ ಅಂಕಿ ಅಲ್ಲಾಡಲಿಲ್ಲ. ಭಾರದ ಅಂಕಿ ಮಾತ್ರ 8ರಿಂದ 5ಕ್ಕೆ ಬಂತು. ಡಾಕ್ಟರ ಹತ್ತಿರ ಹೋಗುವಾಗ ಆ ಡೈರಿ ತೆಗೆದುಕೊಂಡು ಹೋಗಿ.

ಎಲ್ಲವನ್ನೂ ಒಂದೇ ದಿನ ಶುರು ಮಾಡಬೇಡಿ. ಮೊದಲ ವಾರ ಹೊಟ್ಟೆಯ ಉಸಿರು ಮಾತ್ರ. ಎರಡನೇ ವಾರ ಅದಕ್ಕೆ ಕತ್ತು, ಹೆಗಲು ಸೇರಿಸಿ. ಮೂರನೇ ವಾರ ರಾತ್ರಿ ಮಲಗುವ ಮೊದಲು ಬಿಗಿ ಹಿಡಿದು ಬಿಡುವುದು, ಅಥವಾ ನಾಲೆಯ ಚಿತ್ರ, ಎರಡರಲ್ಲಿ ನಿಮಗೆ ಹಿಡಿಸಿದ್ದು ಒಂದು. ರೆಕಾರ್ಡ್ ಮಾಡಿಕೊಡಲು ಇವತ್ತೇ ಯಾರಿಗಾದರೂ ಹೇಳಿಡಿ. ಅವರು ಓದಲು ನಾಚಿಕೊಂಡರೆ ಪಕ್ಕದಲ್ಲಿ ನೀವೂ ಕೂತುಕೊಳ್ಳಿ, ಇಬ್ಬರೂ ಸೇರಿ ಓದಿ.